ಮೆಟ್ಟಿಲಿಲ್ಲದ ಮನೆಯ ಠರಾವು

ತಿಂಗಳ ಎರಡನೆಯ ರವಿವಾರ ಬಂತೆಂದರೆ ನನಗೆ ಅರ್ಧ ತಾಸು ಮುಂಚೆ ಬೆಳಗಾಗುತ್ತದೆ. ಆವತ್ತೂ ಹಾಗೆಯೇ ಎದ್ದೆ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ ಕಾಯಲಿಟ್ಟೆ. ಅಂಗಳಕ್ಕೆ ನೀರು ಹೊಡೆದು ನಾಲ್ಕು ಗೆರೆ ರಂಗೋಲಿ ಎಳೆದೆ. ಬಸದಿಗೆ ಹೋಗಿ ಬಂದು, ಹಾಲು ಕಾಸಿ, ಉಪ್ಪಿಟ್ಟಿನ ರವೆ ಹುರಿದು ಆರಲು ಬಿಟ್ಟೆ. ಆಮೇಲೆ ಪಡಸಾಲೆಯ ಕೆಲಸ. ಸೋಫಾದ ಮೇಲಿನ ಹಳೆಯ ಚಾದರ ತೆಗೆದು ಒಗೆದಿಟ್ಟ ಹೊದಿಕೆ ಹಾಸಿದೆ. ಫ್ಯಾನಿನ ಅಡಿಗೆ ಸರಿಯಾಗಿ ಎತ್ತರದ ಸಾಗವಾನಿ ಕುರ್ಚಿ ಎಳೆದು, ಕೂರಲು ಒಂದು ದಿಂಬು, ಬೆನ್ನಿಗೊಂದು ದಿಂಬು, ಕಾಲಿಗೊಂದು ಮಣೆ ಇಟ್ಟೆ. ಕೊನೆಗೆ ನನ್ನ ಸೀರೆಯ ಕಪಾಟಿನ ಕೆಳಗಿನ ಖಾನೆಯಿಂದ ಸಭೆಯ ನಿರ್ಣಯಗಳನ್ನು ಬರೆಯುವ ಠರಾವು ಪುಸ್ತಕವನ್ನೂ ಶಾಲೆಯ ಮೊಹರಾದ ಸಿಕ್ಕಾವನ್ನೂ ಹೊರಗೆ ತಂದೆ. ಪುಸ್ತಕಕ್ಕೆ ನನ್ನ ಸೀರೆಗಳ ನುಸಿಗುಳಿಗೆಯ ವಾಸನೆ ಹತ್ತಿದೆ. ಆ ಶಾಲೆಯ ಯಾವ ನಿರ್ಣಯ ಓದಿದರೂ ಮೊದಲು ಮೂಗಿಗೆ ಬರುವುದು ಅದೇ.

ಶಾಲೆಯ ಪುಸ್ತಕ ನನ್ನ ಕಪಾಟಿಗೆ ಬಂದದ್ದು ಹೇಗೆಂದು ಹೇಳಬೇಕು. ಚಿಕ್ಕೋಡಿಯಲ್ಲಿ ನಮ್ಮದು ಮಹಡಿಯಿಲ್ಲದ ಹಳೆಯ ಮನೆ. ನಮ್ಮ ಮನೆಯವರು ಊರಿನ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯ ಆಡಳಿತ ಮಂಡಳಿಗೆ ಸೆಕ್ರೆಟರಿ. ಶಾಲೆಯ ಆಫೀಸು ಇರುವುದು ಮೊದಲ ಮಹಡಿಯಲ್ಲಿ. ಎರಡು ವರ್ಷದ ಹಿಂದೆ ಮಂಡಳಿಯ ಚೇರಮನ್ ಸಾಹೇಬರು ಮಿರಜಿಗೆ ಹೋಗಿ ಎರಡೂ ಮೊಣಕಾಲು ಬದಲಿಸಿಕೊಂಡು ಬಂದರು. ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರು ಹೇಳಿದ್ದಾರಂತೆ ಎಂದು ಅವರ ಡ್ರೈವರ್ ಫೋನಿನಲ್ಲಿ ಹೇಳಿದ. ಅಷ್ಟೇ. ಮರುವಾರವೇ ಗೌಂಡಿ ಬಂದು ನಮ್ಮ ಬಾಗಿಲ ಮುಂದಿನ ಎರಡು ಮೆಟ್ಟಿಲು ಒಡೆದು ಸಿಮೆಂಟಿನ ಇಳಿಜಾರು ಮಾಡಿದ. ತಗ್ಗಾದ ಸೋಫಾದಿಂದ ಏಳುವುದು ಅವರಿಗೆ ಕಷ್ಟವೆಂದು ಬಡಿಗನಿಗೆ ಹೇಳಿ ಎತ್ತರದ ಕುರ್ಚಿ ಮಾಡಿಸಲಾಯಿತು. ಹಿತ್ತಲ ಬಚ್ಚಲಿಗೆ ಕಮೋಡ್ ಬಂತು. ನನ್ನ ಮಾವನವರು ಕೊನೆಯ ಆರು ವರ್ಷ ಗೋಡೆ ಹಿಡಿದುಕೊಂಡು ಆ ಬಚ್ಚಲಿಗೆ ಹೋಗಿ ಬರುತ್ತಿದ್ದರು. ಅವರಿಗೆ ಕಮೋಡ್ ಹಾಕಿಸಲು ನಮ್ಮ ಮನೆಯವರಿಗೆ ಪುರಸೊತ್ತು ಸಿಕ್ಕಿರಲಿಲ್ಲ. ಚೇರಮನ್ ಸಾಹೇಬರು ತಿಂಗಳಿಗೆ ಒಮ್ಮೆ, ಎರಡು ತಾಸು ಬರುವವರು. ಅವರಿಗೆ ನಾಲ್ಕು ದಿನದಲ್ಲಿ ಹಾಕಿಸಿದರು. ಇದಕ್ಕೆಲ್ಲ ಯಾರೂ ಅರ್ಜಿ ಬರೆಯಲಿಲ್ಲ, ಯಾರೂ ಡಾಕ್ಟರ ಚೀಟಿ ಕೇಳಲಿಲ್ಲ. ಒಂದೆರಡು ತಿಂಗಳ ಮಟ್ಟಿಗೆ ಎಂದು ಬಂದ ಸಭೆ ಅಂದಿನಿಂದ ನಮ್ಮ ಪಡಸಾಲೆಯಲ್ಲೇ ಕೂತಿದೆ.

ಆವತ್ತಿನ ಸಭೆಯ ಮುಂದೆ ಇದ್ದದ್ದು ಒಬ್ಬ ಟೀಚರ ಅರ್ಜಿ. ನಮ್ಮ ಮನೆಯಿಂದ ಎರಡು ಓಣಿ ಹಿಂದೆ ಬಾಡಿಗೆಗಿದ್ದಾರೆ. ತೆಲಸಂಗದ ಕಡೆಯವರು. ಹನ್ನೊಂದು ವರ್ಷದಿಂದ ಈ ಶಾಲೆಯಲ್ಲಿ ಗಣಿತ ಕಲಿಸುತ್ತಾರೆ, ಏಳನೆಯ ತರಗತಿಗೆ ಅವರೇ ಕ್ಲಾಸ್ ಟೀಚರ್. ನನ್ನ ಮಗಳು ಭಿನ್ನರಾಶಿ ಕಲಿತದ್ದು ಅವರ ಕೈಯಲ್ಲೇ. ಜೋಳದ ಭಕ್ಕರಿಯನ್ನು ಮುರಿದು ತೋರಿಸಿ ಕಲಿಸಿದ್ದರಂತೆ. ಸಭೆಗೆ ಹತ್ತು ದಿನ ಮುಂಚೆ ಒಂದು ಸಂಜೆ ಅವರು ನನ್ನ ಅಡುಗೆಮನೆಗೆ ಬಂದರು. ನಾನು ಎಂದಿನಂತೆ ಮಣೆ ಸರಿಸಿದೆ. ಕೂರಲಿಲ್ಲ. ಕುರ್ಚಿ ತಂದಾಗ ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಮಗ್ಗುಲಾಗಿ, ಅಂಚಿನಲ್ಲಿ ಕೂತರು. ಆರು ವಾರದ ಹಿಂದೆ ಗರ್ಭಚೀಲ ತೆಗೆದಿದ್ದಾರೆ ಎಂದು ಆಗ ಹೇಳಿದರು. ಡಾಕ್ಟರು ಮೂರು ತಿಂಗಳು ಮೆಟ್ಟಿಲು ಬೇಡ, ಬಹಳ ಹೊತ್ತು ನಿಲ್ಲುವುದು ಬೇಡ, ಬಗ್ಗುವುದು, ಭಾರ ಎತ್ತುವುದು ಬೇಡ ಎಂದು ಬರೆದುಕೊಟ್ಟಿದ್ದಾರೆ. ರಜೆ ಮುಗಿದಿದೆ. ಏಳನೆಯ ತರಗತಿ ಇರುವುದು ಮೊದಲ ಮಹಡಿಯಲ್ಲಿ. ಇಪ್ಪತ್ತೆರಡು ಮೆಟ್ಟಿಲು, ದಿನಕ್ಕೆ ನಾಲ್ಕು ಸಲ. ಹತ್ತುವಾಗ ಎಣಿಸುತ್ತೇನೆ, ಹದಿನಾಲ್ಕನೆಯದಕ್ಕೆ ಬಂದಾಗ ಒಳಗೆ ಯಾರೋ ಚಿವುಟಿದಂತೆ ಆಗುತ್ತದೆ ಎಂದರು.

ಅವರಿಗೆ ಬೇಕಾಗಿದ್ದದ್ದು ಇಷ್ಟು: ಮೂರು ತಿಂಗಳು ತನ್ನ ಏಳನೆಯ ತರಗತಿಯನ್ನು ಕೆಳಗಿನ ಕೋಣೆಯಲ್ಲಿ ನಡೆಸಬೇಕು, ಆ ಕೋಣೆಯಲ್ಲಿ ಒಂದು ಕುರ್ಚಿ ಇರಬೇಕು. ಮಕ್ಕಳನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಅರ್ಧ ಪುಸ್ತಕ ಆಗಿದೆ, ಈಗ ಬೇರೆಯವರ ಕೈಗೆ ಕೊಟ್ಟರೆ ಹುಡುಗರು ಹಾಳಾಗುತ್ತಾರೆ ಎಂಬುದೇ ಅವರ ಚಿಂತೆ.

ಕುರ್ಚಿಗೂ ಅರ್ಜಿ ಯಾಕೆಂದು ಓದುವವರಿಗೆ ಅನ್ನಿಸಬಹುದು. ಆ ಶಾಲೆಯ ಯಾವ ತರಗತಿಯಲ್ಲೂ ಟೀಚರಿಗೆ ಕುರ್ಚಿ ಇಲ್ಲ. ಮೂರು ವರ್ಷದ ಹಿಂದೆ ಚೇರಮನ್ ಸಾಹೇಬರು ಕ್ಯಾಮೆರಾದಲ್ಲಿ ಒಬ್ಬ ಮಾಸ್ತರು ತೂಕಡಿಸುವುದನ್ನು ನೋಡಿದರು. ಮಾಸ್ತರನ್ನು ಏನೂ ಅನ್ನಲಿಲ್ಲ, ಅವನು ಅವರ ಸಂಬಂಧಿಕ. ಎಲ್ಲ ತರಗತಿಯ ಕುರ್ಚಿಗಳನ್ನು ತೆಗೆಸಿ ಪ್ರಯೋಗಾಲಯದಲ್ಲಿ ಒಂದರ ಮೇಲೊಂದು ಪೇರಿಸಿಟ್ಟರು. ಪ್ರಯೋಗಾಲಯಕ್ಕೆ ಮಕ್ಕಳು ಹೋಗಲು ಜಾಗವಿಲ್ಲದಂತಾಯಿತು. ಅದರಿಂದ ಯಾರಿಗೂ ತೊಂದರೆಯಾದಂತೆ ಕಾಣಲಿಲ್ಲ.

ಹೆಡ್‌ಮಾಸ್ತರರು ಬಾಯಿಮಾತು ನಡೆಯುವುದಿಲ್ಲ, ಇಂಗ್ಲಿಷಿನಲ್ಲಿ ಬರೆದು ಮಂಡಳಿಗೆ ಕೊಡಿ ಎಂದಿದ್ದರು. ಇಂಗ್ಲಿಷ್ ಅರ್ಜಿ ಎಂದರೆ ನಮ್ಮ ಓಣಿಯವರು ನನ್ನ ಹತ್ತಿರ ಬರುತ್ತಾರೆ. ನಾನು ಬೆಳಗಾವಿಯಲ್ಲಿ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದು ಓದಿದವಳು. ಕೂಡಿಸಿ ಬರೆಯುವ ದುಂಡು ಅಕ್ಷರ ಇನ್ನೂ ಕೈಯಲ್ಲಿದೆ. ಬೇಕು ಎಂದು ಎಲ್ಲೂ ಬರೆಯಬಾರದು, ದಯಪಾಲಿಸಿದರೆ ಋಣಿಯಾಗಿರುವೆ ಎಂದು ಬರೆಯಬೇಕು ಎಂದು ಸಿಸ್ಟರ್ ಕಲಿಸಿದ್ದರು. ಹಾಗೆಯೇ ಬರೆದೆ. ಯಾವ ಆಪರೇಶನ್ ಎಂಬುದನ್ನು ಬರೆಯಬೇಡಿ ಎಂದು ಟೀಚರು ಕೇಳಿಕೊಂಡರು. ಮಂಡಳಿಯಲ್ಲಿ ಎಲ್ಲರೂ ಗಂಡಸರು. ಸರಿ, ಕೆಲವು ವೈದ್ಯಕೀಯ ಕಾರಣಗಳಿಂದಾಗಿ ಎಂದು ಬರೆದೆ. ಬರೆದು ಓದಿ ಹೇಳುವಾಗ ನನಗೇ ಹೆಮ್ಮೆಯಾಯಿತು. ಎಷ್ಟು ಸಭ್ಯವಾಗಿತ್ತೆಂದರೆ, ಅದನ್ನು ಓದಿದವರಿಗೆ ಆ ಹೆಂಗಸಿಗೆ ನೋವಿದೆ ಎಂದೇ ಅನ್ನಿಸುವಂತಿರಲಿಲ್ಲ.

ಹತ್ತೂವರೆಗೆ ಚೇರಮನ್ ಸಾಹೇಬರ ಕಾರು ಬಂತು. ಅಲಖನೂರಿನ ಕಡೆ ಅವರದು ಕಬ್ಬಿನ ಹೊಲ. ಡ್ರೈವರ್ ಒಂದು ಕೈ, ನಮ್ಮ ಮನೆಯವರು ಒಂದು ಕೈ ಹಿಡಿದು ಇಳಿಜಾರಿನ ಮೇಲೆ ಕರೆತಂದು ಕುರ್ಚಿಗೆ ಇಳಿಸಿದರು. ಆಮೇಲೆ ಬಂದವರು ನಿಪ್ಪಾಣಿಯ ತಂಬಾಕು ವ್ಯಾಪಾರಿ. ಅವರಿಗೆ ಸಕ್ಕರೆ ಕಾಯಿಲೆ. ಚಹ ಬೇರೆ ಮಾಡಬೇಕು, ಅರ್ಧ ತಾಸಿಗೊಮ್ಮೆ ಹಿತ್ತಲಿಗೆ ಹೋಗಬೇಕು. ಅವರು ಎದ್ದು ಹೋದಾಗಲೆಲ್ಲ ಸಭೆ ನಿಂತು, ಮರಳಿ ಬಂದ ಮೇಲೆ ಮುಂದುವರಿಯುತ್ತದೆ. ಮೂರನೆಯವರು ನಮ್ಮೂರಿನವರೇ, ಔಷಧಿ ಅಂಗಡಿ ಇಟ್ಟವರು. ಮೂವತ್ತು ವರ್ಷ ಗುಳಿಗೆ ಮಾರಿದ್ದರಿಂದ ಮಂಡಳಿಯಲ್ಲಿ ಅವರಿಗೆ ಡಾಕ್ಟರರ ಮರ್ಯಾದೆ ಇದೆ. ಸೊಂಟ ಹಿಡಿದಿದೆ ಎಂದು ನನ್ನ ಇನ್ನೊಂದು ದಿಂಬು ಅವರೇ ಕೇಳಿ ತೆಗೆದುಕೊಂಡರು. ನಿಪ್ಪಾಣಿಯವರು ಉಪ್ಪಿಟ್ಟು ತಿನ್ನುತ್ತ, ಪ್ರತಿ ತಿಂಗಳಿನಂತೆ, "ವಹಿನಿ, ಕಾಂದಾ ನಾಹೀ ತರೀ ಚವ ಆಹೆ" ಎಂದರು. ಉಳ್ಳಾಗಡ್ಡಿ ಇಲ್ಲದಿದ್ದರೂ ರುಚಿಯಿದೆ ಎಂಬ ಈ ಹೊಗಳಿಕೆಯನ್ನು ನಾನು ಎರಡು ವರ್ಷದಿಂದ ಕೇಳುತ್ತಿದ್ದೇನೆ. ಪ್ರತಿ ಸಲವೂ ಅವರಿಗೆ ಅದು ಹೊಸದು.

ಟೀಚರಿಗೆ ಹನ್ನೊಂದಕ್ಕೆ ಬರಲು ಹೇಳಿದ್ದರು. ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಬಂದು ಕಟ್ಟೆಯ ಕಂಬಕ್ಕೆ ಒರಗಿ ನಿಂತರು. ಕೈಯಲ್ಲಿ ಮಿರಜಿನ ಆಸ್ಪತ್ರೆಯ ಕಾಗದಗಳ ಹಸಿರು ಫೈಲು. ಒಳಗೆ ಮೊದಲು ಶಾಲೆಯ ಗೇಟಿಗೆ ಯಾವ ಬಣ್ಣ ಹಚ್ಚಬೇಕೆಂಬ ಚರ್ಚೆ ನಡೆಯಿತು. ಕೆಂಪು, ನೀಲಿ, ಮತ್ತೆ ಕೆಂಪು. ನಾನು ಅಡುಗೆಮನೆಗೆ ಬನ್ನಿ ಎಂದು ಎರಡು ಸಲ ಕರೆದೆ. ಯಾವಾಗ ಕೂಗುತ್ತಾರೋ ಏನೋ, ಇಲ್ಲೇ ಇರುತ್ತೇನೆ ಎಂದರು. ಕೂಗಿದ್ದು ಹನ್ನೆರಡಕ್ಕೆ.

ನೌಕರರು ಮಂಡಳಿಯ ಮುಂದೆ ಕೂರುವ ಪದ್ಧತಿ ಇಲ್ಲ. ಬರೆದಿಟ್ಟ ನಿಯಮವೇನಲ್ಲ, ಆದರೆ ಹೆಡ್‌ಮಾಸ್ತರರೇ ನಿಂತು ಮಾತಾಡಿ ಹೋಗುತ್ತಾರೆ. ಟೀಚರು ಟೀಪಾಯಿಯ ಆಚೆ, ಟಿವಿಯ ಪಕ್ಕಕ್ಕೆ ನಿಂತರು. ಚಹದ ಕಪ್ಪು ತೆಗೆಯಲು ಬಂದವಳು ನೋಡಿ, ಊಟದ ಮೇಜಿನಿಂದ ಒಂದು ಕುರ್ಚಿ ತಂದು ಅವರ ಹಿಂದೆ ಇಟ್ಟೆ. ನಮ್ಮ ಮನೆಯವರು ನನ್ನ ಕಡೆ ನೋಡಿದರು, ಆಮೇಲೆ ಕುರ್ಚಿಯ ಕಡೆ. ಟೀಚರು ಅದರ ಬೆನ್ನಿನ ಮೇಲೆ ಬೆರಳು ಊರಿದರು. ಕೂರಲಿಲ್ಲ.

ಕೆಲವು ವೈದ್ಯಕೀಯ ಕಾರಣಗಳು ಎಂದರೆ ಯಾವುವು ಎಂದು ಚೇರಮನ್ ಸಾಹೇಬರು ಕೇಳಿದರು. ನಾನು ಅಷ್ಟು ನಾಜೂಕಾಗಿ ಬಚ್ಚಿಟ್ಟದ್ದೇ ಅವರಿಗೆ ಸಂಶಯಕ್ಕೆ ಕಾರಣವಾಗಿತ್ತು. ಕಾರಣ ಇದ್ದಿದ್ದರೆ ಬರೆಯುತ್ತಿದ್ದರಲ್ಲ, ಬರೆದಿಲ್ಲವೆಂದರೆ ಇಲ್ಲ ಎಂಬುದು ಅವರ ತರ್ಕ. ಫೈಲು ಔಷಧಿ ಅಂಗಡಿಯವರ ಕೈಗೆ ಹೋಯಿತು. ಅವರು ಕನ್ನಡಕ ಏರಿಸಿ, ಹಾಳೆ ತಿರುವಿ, ಬೆಲೆಪಟ್ಟಿ ಓದುವವರ ಧಾಟಿಯಲ್ಲಿ, ಚೀಲ ತೆಗೆದಿದ್ದಾರೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಫೈಲನ್ನು ನಿಪ್ಪಾಣಿಯವರಿಗೆ ದಾಟಿಸಿದರು. ನಿಪ್ಪಾಣಿಯವರು ಅದನ್ನು ತೆರೆಯದೆ ಉಪ್ಪಿಟ್ಟಿನ ತಟ್ಟೆಯ ಪಕ್ಕ ಇಟ್ಟರು. ಅದೊಂದನ್ನು ಅವರ ಲೆಕ್ಕದಲ್ಲಿ ಪುಣ್ಯವೆಂದು ಬರೆಯಬಹುದು. ಟೀಚರು ನೆಲ ನೋಡುತ್ತಿದ್ದರು. ಡ್ರೈವರ್ ಬಾಗಿಲಲ್ಲೇ ಇದ್ದ.

ತಮ್ಮ ಹೊಲಕ್ಕೆ ಕಬ್ಬು ಕಡಿಯಲು ಬರುವ ಹೆಣ್ಣುಮಕ್ಕಳು ಇದೇ ಆಪರೇಶನ್ ಮಾಡಿಸಿಕೊಂಡು ಹದಿನೈದು ದಿನಕ್ಕೆ ಕಬ್ಬಿನ ಮೋಳಿಗೆ ಹೊತ್ತು ಗಾಡಿ ಏರುತ್ತಾರೆ ಎಂದು ಚೇರಮನ್ ಸಾಹೇಬರು ಹೇಳಿದರು. ಅವರ ಕಾಲು ಮಣೆಯ ಮೇಲೆ ಇತ್ತು. ಆ ಹೆಣ್ಣುಮಕ್ಕಳು ಹದಿನೈದು ದಿನಕ್ಕೆ ತಾವಾಗಿ ಏರುತ್ತಾರೋ, ಯಾರಾದರೂ ಏರಿಸುತ್ತಾರೋ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಒಬ್ಬರಿಗೆ ಕೊಟ್ಟರೆ ನಾಳೆ ಹತ್ತು ಜನ ಸಾಲು ಹಚ್ಚುತ್ತಾರೆ ಎಂದು ನಿಪ್ಪಾಣಿಯವರು ಎಚ್ಚರಿಸಿ, ಹಿತ್ತಲಿಗೆ ಎದ್ದು ಹೋದರು. ಅವರು ಬರುವವರೆಗೆ ಎಲ್ಲರೂ ಕಾದೆವು. ಟೀಚರು ನಿಂತು ಕಾದರು.

ಕೆಳಗೆ ಖಾಲಿ ಕೋಣೆ ಇಲ್ಲವೇ ಎಂದು ಕೇಳಿದವರು ಬೇರೆ ಯಾರೂ ಅಲ್ಲ, ನಮ್ಮ ಮನೆಯವರು. ಅದಕ್ಕಾಗಿ ಅವರ ಬಗ್ಗೆ ನನಗೆ ಅರ್ಧ ನಿಮಿಷ ಗೌರವ ಮೂಡಿತು. ಬಾಲವಾಡಿಯ ಪಕ್ಕ ಒಂದು ಕೋಣೆ ಇದೆಯಲ್ಲ ಎಂದು ಶುರು ಮಾಡಿದವರು, ಚೇರಮನ್ ಸಾಹೇಬರ ಮುಖ ನೋಡಿ, ಆದರೆ ಅದು ಸಂಸ್ಥಾಪಕರ ಕೋಣೆ ಎಂದು ತಾವೇ ಮುಗಿಸಿದರು. ಸಂಸ್ಥಾಪಕರೆಂದರೆ ಚೇರಮನ್ ಸಾಹೇಬರ ತಂದೆ. ತೀರಿಕೊಂಡು ಬಹಳ ವರ್ಷವಾಯಿತು. ಆ ಕೋಣೆಯಲ್ಲಿ ಅವರ ಫೋಟೋ, ಊರುಗೋಲು, ಒಂದು ದೊಡ್ಡ ಆರಾಮಕುರ್ಚಿ ಇವೆ. ವರ್ಷಕ್ಕೊಮ್ಮೆ ಬೀಗ ತೆಗೆದು, ಗುಡಿಸಿ, ಹಾರ ಹಾಕಿ, ಮತ್ತೆ ಬೀಗ ಹಾಕುತ್ತಾರೆ. ಅಂತೂ ಆ ಶಾಲೆಯಲ್ಲಿ ಕೆಳಗಿನ ಕೋಣೆಯೂ ಇತ್ತು, ಅದರಲ್ಲಿ ಕುರ್ಚಿಯೂ ಇತ್ತು. ಸತ್ತವರು ಕೂತಿದ್ದರು.

ಎಷ್ಟು ಹೊತ್ತು ನಿಲ್ಲಬಹುದು ಎಂದು ಔಷಧಿ ಅಂಗಡಿಯವರು ಟೀಚರನ್ನು ಕೇಳಿದರು.

"ಹತ್ತ-ಹದಿನೈದ ಮಿನಿಟ್ ನಿಂದರಬಹುದ್ರಿ ಸರ್. ಆಮ್ಯಾಲೆ ಜಗ್ಗತೈತ್ರಿ."

ಔಷಧಿ ಅಂಗಡಿಯವರು ಗೋಡೆಯ ಗಡಿಯಾರ ನೋಡಿದರು. "ಈಗ ನಲವತ್ತ ಮಿನಿಟ್ ಆತ್ರಿ ನೀವು ಒಳಗ ಬಂದು. ನಿಂತೀರಲ್ರಿ ಮತ್ತ? ಕುರ್ಚಿನೂ ಅಲ್ಲೇ ಐತಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಹಾಸ್ಯವೆಂದು ಮರೆಯಬಹುದಿತ್ತು. ಎಲ್ಲರೂ ಅದನ್ನು ಒಂದು ಪುರಾವೆಯಂತೆ ತಲೆದೂಗಿ ಒಪ್ಪಿಕೊಂಡರು. ಕೂತಿದ್ದರೆ ಮಂಡಳಿಯ ಮುಂದೆ ಕೂತಳು ಎನ್ನುತ್ತಿದ್ದರು, ಕೂರದಿದ್ದರೆ ನಿಲ್ಲಲು ಬರುತ್ತದೆ ಎಂದರು. ಕುರ್ಚಿ ತಂದಿಟ್ಟವಳು ನಾನು. ನನ್ನ ಉಪಕಾರ ಇಂಥ ಕೆಲಸಕ್ಕೆ ಬಂತು.

ಆಮೇಲೆ ಚೇರಮನ್ ಸಾಹೇಬರು ಉದಾರರಾದರು. ಆಪರೇಶನ್ ಆದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದು ನಮ್ಮ ಸಂಸ್ಥೆಯ ಸಂಸ್ಕಾರವಲ್ಲ ಎಂದು ಪೀಠಿಕೆ ಹಾಕಿ, ನಮ್ಮ ಮನೆಯವರಿಗೆ ಬರೆದುಕೊಳ್ಳಲು ಸನ್ನೆ ಮಾಡಿದರು.

"ಬಾಲವಾಡಿಗೆ ಹಾಕ್ರಿ. ಕೆಳಗ ಐತಿ, ಮೆಟ್ಟಲಾ ಇಲ್ಲ. ಸಣ್ಣ ಹುಡುಗೂರು, ಕುಂತ ಮಾಡೂ ಕೆಲಸಾ. ಏಳನೇತ್ತೆ ನಮ್ಮ ಪೀಟಿ ಮಾಸ್ತರ ನೋಡ್ಕೋತಾನ."

ಟೀಚರ ಬೆರಳು ಕುರ್ಚಿಯ ಬೆನ್ನಿನಿಂದ ಜಾರಿತು. ಸರ್, ಏಳನೆಯ ತರಗತಿ ನನಗೇ ಇರಲಿ, ಮೇಲಿನ ಕೋಣೆಯಾದರೂ ಸರಿ, ಒಂದು ಕುರ್ಚಿ ಕೊಟ್ಟರೆ ಸಾಕು ಎಂದರು. ಚೇರಮನ್ ಸಾಹೇಬರು ಕೈ ಎತ್ತಿ ಬೇಡವೆಂದರು. ತಮ್ಮ ಒಳ್ಳೆಯತನಕ್ಕೆ ಅಡ್ಡ ಬಂದದ್ದು ಅವರಿಗೆ ಸರಿ ಬರಲಿಲ್ಲ.

ಆ ಬಾಲವಾಡಿಯನ್ನು ನಾನು ನೋಡಿದ್ದೇನೆ. ನನ್ನ ಎರಡೂ ಮಕ್ಕಳನ್ನು ಅಲ್ಲಿ ಬಿಟ್ಟು ಬಂದವಳು. ಮೂವತ್ತರ ಮೇಲೆ ಮಕ್ಕಳು, ಎಲ್ಲ ಜಮಖಾನೆಯ ಮೇಲೆ. ಅವರ ಮಟ್ಟಕ್ಕೆ ಇಳಿಯದೆ ಒಂದು ಅಕ್ಷರ ತಿದ್ದಿಸಲು ಬರುವುದಿಲ್ಲ. ಒಂದಕ್ಕೆ ಹೋಗಬೇಕೆಂದರೆ ಚಡ್ಡಿಯ ಗುಂಡಿ ಬಿಚ್ಚಬೇಕು, ಮತ್ತೆ ಹಾಕಬೇಕು. ಅಳುವುದನ್ನು ಎತ್ತಿಕೊಳ್ಳಬೇಕು, ಓಡುವುದನ್ನು ಹಿಡಿದು ತರಬೇಕು. ಡಾಕ್ಟರು ಬೇಡವೆಂದ ಬಗ್ಗುವುದೂ ಎತ್ತುವುದೂ ಆ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಡೆಯುವ ಏಕೈಕ ಪಾಠ. ಪಡಸಾಲೆಯಲ್ಲಿ ಕೂತ ನಾಲ್ವರಲ್ಲಿ ಒಬ್ಬರೂ ಮೂರು ವರ್ಷದ ಮಗುವಿನೊಂದಿಗೆ ಒಂದು ಪೂರ್ತಿ ತಾಸು ಒಬ್ಬರೇ ಇದ್ದವರಲ್ಲ. ನನಗಿದು ಖಾತ್ರಿಯಾಗಿ ಗೊತ್ತು, ನಾಲ್ವರಲ್ಲಿ ಒಬ್ಬರ ಮಕ್ಕಳನ್ನು ಬೆಳೆಸಿದವಳು ನಾನೇ.

ಖಾಲಿ ಕಪ್ಪುಗಳ ತಟ್ಟೆ ಹಿಡಿದುಕೊಂಡೇ ಹೇಳಿದೆ, ಬಾಲವಾಡಿಯಲ್ಲಿ ಕೂರಲು ಆಗುವುದಿಲ್ಲ, ದಿನವೆಲ್ಲ ಬಗ್ಗಿ ಮಕ್ಕಳನ್ನು ಎತ್ತಬೇಕಾಗುತ್ತದೆ ಎಂದು. ಸಭೆಯಲ್ಲಿ ಉಪ್ಪಿಟ್ಟಿನ ಹೊರತು ಬೇರೆ ವಿಷಯಕ್ಕೆ ನಾನು ಬಾಯಿ ತೆರೆದದ್ದು ಅದೇ ಮೊದಲು. ಚೇರಮನ್ ಸಾಹೇಬರು ಪ್ರೀತಿಯಿಂದಲೇ ನನ್ನ ಕಡೆ ತಿರುಗಿದರು.

"ತಂಗೆವ್ವ, ಎರಡ ಮಕ್ಕಳ್ನ ದೊಡ್ಡವರನ್ನ ಮಾಡೀರಿ ನೀವು. ಯಾವತ್ತರ ಯಾರಿಗರ ಅರ್ಜಿ ಕೊಟ್ಟೀರೇನು?"

ಈಗ ಎಲ್ಲರೂ ನಕ್ಕರು. ನಮ್ಮ ಮನೆಯವರೂ ನಕ್ಕರು, ತಲೆ ಬಗ್ಗಿಸಿ, ಠರಾವು ಬರೆಯುತ್ತಲೇ. ನಾನೂ ನಕ್ಕೆನೇನೋ. ಹಿರಿಯರು ನಕ್ಕಾಗ ಮುಖ ಗಂಟಿಕ್ಕಬಾರದೆಂದು ಕಾನ್ವೆಂಟಿನಲ್ಲೂ ಕಲಿಸಿದ್ದರು, ತವರಿನಲ್ಲೂ ಕಲಿಸಿದ್ದರು. ತಟ್ಟೆ ಒಳಗಿಟ್ಟು ಬಂದಾಗ ನಮ್ಮ ಮನೆಯವರು ಗಟ್ಟಿಯಾಗಿ ಓದುತ್ತಿದ್ದರು. ಸದರಿ ಶಿಕ್ಷಕಿಯವರ ಆರೋಗ್ಯದ ಹಿತದೃಷ್ಟಿಯಿಂದ, ಮಾನವೀಯತೆಯ ಆಧಾರದ ಮೇಲೆ, ಅವರ ಕೋರಿಕೆಯಂತೆ, ಸೋಮವಾರದಿಂದ ಬಾಲವಾಡಿಗೆ ನೇಮಿಸಲು ಸರ್ವಾನುಮತದಿಂದ ಠರಾಯಿಸಲಾಯಿತು. ಕೋರಿಕೆಯಂತೆ ಎಂಬಲ್ಲಿ ಅವರ ದನಿ ತುಸು ವೇಗವಾಯಿತು. ಹದಿನೆಂಟು ವರ್ಷದ ಸಂಸಾರದಲ್ಲಿ ಆ ವೇಗವನ್ನು ನಾನು ಚೆನ್ನಾಗಿ ಬಲ್ಲೆ. ಸಿಕ್ಕಾ ಬಿತ್ತು.

ಶಾಲೆಯ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಇರಲಿ ಎಂದು ನಿಪ್ಪಾಣಿಯವರು ಸೂಚಿಸಿದರು. ಚೇರಮನ್ ಸಾಹೇಬರು ಕುರ್ಚಿಯಲ್ಲೇ ಕೂತು ಠರಾವಿನ ಪ್ರತಿ ಮುಂದೆ ಚಾಚಿದರು. ಟೀಚರು ಅದನ್ನು ತೆಗೆದುಕೊಳ್ಳಲು ಬಗ್ಗಿದರು. ಮೊದಲ ಫೋಟೋದಲ್ಲಿ ಚೇರಮನ್ ಸಾಹೇಬರ ಕಣ್ಣು ಮುಚ್ಚಿಕೊಂಡಿತ್ತು. ಇನ್ನೊಮ್ಮೆ ಬಗ್ಗಿ ಎಂದು ಡ್ರೈವರ್ ಹೇಳಿದ. ಇನ್ನೊಮ್ಮೆ ಬಗ್ಗಿದರು.

ಎಲ್ಲರೂ ಇಳಿಜಾರು ಇಳಿದು ಹೋದ ಮೇಲೆ ಟೀಚರು ಅಡುಗೆಮನೆಗೆ ಬಂದು ಕಟ್ಟೆಗೆ ಎರಡೂ ಕೈ ಊರಿ ನಿಂತರು. ನೀರು ಕೊಟ್ಟೆ. ಅರ್ಧ ಕುಡಿದರು. ಅಳುತ್ತಾರೇನೋ ಎಂದು ಹೆದರಿದ್ದೆ, ಅಳಲಿಲ್ಲ. ಬಾಲವಾಡಿಯ ನಲ್ಲಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಕೇಳಿದರು. ಮೊಣಕಾಲಿನ ಮಟ್ಟ ಎಂದೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿದಂತೆ ಕಂಡಿತು.

"ಅಕ್ಕಾರ, ಆ ಅರ್ಜಿ ಹಿಂದ ತಗೋತೀನಂತ ಬರದ ಕೊಡ್ರಿ. ನಾ ಮೆಟ್ಟಲಾ ಏರತೀನಿ. ಕುರ್ಚಿನೂ ಬ್ಯಾಡ."

ಮತ್ತೆ ದುಂಡು ಅಕ್ಷರದಲ್ಲಿ ಬರೆದೆ. ದಯಪಾಲಿಸಿದ್ದಕ್ಕೆ ಋಣಿ, ಮೆಟ್ಟಿಲು ಏರಲು ಸಿದ್ಧಳಿದ್ದೇನೆ, ಈಗ ದಯಪಾಲಿಸಿದ್ದನ್ನು ಹಿಂದಕ್ಕೆ ಪಡೆದರೆ ಇನ್ನೂ ಋಣಿ ಎಂಬ ಅರ್ಥದ ನಾಲ್ಕು ಸಾಲು. ಈ ಸಲ ಓದಿ ಹೇಳಲಿಲ್ಲ. ಅವರು ಸಹಿ ಹಾಕಿ ಹೋದರು.

ಊಟವಾದ ಮೇಲೆ ಕಾಗದವನ್ನು ನಮ್ಮ ಮನೆಯವರ ಮುಂದೆ ಇಟ್ಟೆ. ಓದಿ, ಮಡಚಿ, ಠರಾವು ಪುಸ್ತಕದೊಳಗೆ ಸಿಕ್ಕಿಸಿದರು. ಠರಾವು ಬರೆದು, ಸಹಿ ಬಿದ್ದು, ಸಿಕ್ಕಾ ಆಗಿದೆ, ಅದನ್ನು ತಿದ್ದಲು ಮುಂದಿನ ಸಭೆಯೇ ಆಗಬೇಕು, ಮುಂದಿನ ತಿಂಗಳು ಇಡೋಣ ಎಂದರು. ಅಷ್ಟರಲ್ಲಿ ಒಳಗಿನ ಹೊಲಿಗೆ ಬಿಚ್ಚಿದರೆ ಎಂದು ಕೇಳಿದೆ. ಹಾಗೇನೂ ಆಗುವುದಿಲ್ಲ ಎಂದರು. ಆಮೇಲೆ ಏನೋ ಹೊಳೆದವರಂತೆ ನನ್ನ ಕಡೆ ನೋಡಿ, "ನೋಡು, ಮೆಟ್ಟಲಾ ಏರತೀನಂತ ಆಕಿನಽ ಬರದಾಳ. ಮತ್ತ ಮೊದಲಿಗೆ ಆ ಅರ್ಜಿ ಯಾಕ ಬೇಕಾಗಿತ್ತು?" ಎಂದರು. ಅವರ ದನಿಯಲ್ಲಿ ಒಂದಿಷ್ಟೂ ಕೆಟ್ಟತನ ಇರಲಿಲ್ಲ. ನಿಜಕ್ಕೂ ಅರ್ಥವಾಗದವನು ಕೇಳುವ ಹಾಗೆ ಕೇಳಿ, ಸಭೆಯ ದಣಿವಿಗೆ ಸೋಫಾದ ಮೇಲೆ ಒರಗಿ ಮಲಗಿಬಿಟ್ಟರು. ಔಷಧಿ ಅಂಗಡಿಯವರು ಬಿಟ್ಟುಹೋದ ದಿಂಬನ್ನು ತಲೆಗೆ ಎಳೆದುಕೊಂಡರು.

ನಾಲ್ಕು ಗಂಟೆಗೆ ನಾನೇ ಟೀಚರ ಮನೆಗೆ ಹೋದೆ. ಫೋನಿನಲ್ಲಿ ಹೇಳುವ ಮಾತಲ್ಲ ಅನ್ನಿಸಿತು. ನಿಜ ಹೇಳಬೇಕೆಂದರೆ, ಹೋಗಿ ಹೇಳಿದರೆ ನನ್ನ ಪಾಲಿನ ಕೆಲಸ ಮುಗಿಯುತ್ತದೆ ಎಂಬ ಲೆಕ್ಕವೂ ಇತ್ತು. ಮಂಚದ ಮೇಲೆ ಗೋಡೆಗೆ ಒರಗಿ, ಏಳನೆಯ ತರಗತಿಯ ಗಣಿತದ ಪುಸ್ತಕವನ್ನು ಹರಡಿಕೊಂಡಿದ್ದರು. ಮುಂದಿನ ತಿಂಗಳವರೆಗೆ ಏನೂ ಆಗುವುದಿಲ್ಲವಂತೆ ಎಂದೆ. ಗೊತ್ತಿತ್ತು ಎಂಬಂತೆ ತಲೆಯಾಡಿಸಿದರು. ಪೀಟಿ ಮಾಸ್ತರರಿಗೆ ಕೊಡಲೆಂದು ಪುಸ್ತಕದ ಬದಿಗಳಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ಇಲ್ಲಿಗೆ ಆಗಿದೆ. ಇದನ್ನು ಎರಡು ಸಲ ಹೇಳಿ. ಈ ಲೆಕ್ಕದ ಉತ್ತರ ಪುಸ್ತಕದಲ್ಲಿ ತಪ್ಪಾಗಿದೆ. ಕೆಲಸ ಬಿಡಬಾರದೇ ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ. ಅವರ ಗಂಡ ದುಡಿಯುವುದು ಸಕ್ಕರೆ ಕಾರ್ಖಾನೆಯ ಹಂಗಾಮಿನಲ್ಲಿ ಮಾತ್ರ, ಉಳಿದ ತಿಂಗಳು ಮನೆ ನಡೆಯುವುದು ಇವರ ಮೇಲೆ. ನಾಳೆ ಎಂಟಕ್ಕೇ ಹೋಗಬೇಕು, ಬಾಲವಾಡಿಯವರು ಅರ್ಧ ತಾಸು ಮುಂಚೆ ಬರುತ್ತಾರಂತೆ ಎಂದರು. ನಾನು ಹೊರಡುವಾಗ ಬಾಗಿಲವರೆಗೆ ಬರಲು ಎದ್ದರು. ಬೇಡವೆಂದೆ. ಆದರೂ ಬಂದರು.

ಹೊತ್ತು ಮುಳುಗುವ ಮೊದಲೇ ನಮ್ಮಲ್ಲಿ ಊಟ. ಉಂಡು, ಪಾತ್ರೆ ತೊಳೆದು, ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದೆ. ಪಡಸಾಲೆಯಲ್ಲಿ ನಮ್ಮ ಮನೆಯವರ ಫೋನು ಬಿಟ್ಟೂಬಿಡದೆ ಸದ್ದು ಮಾಡುತ್ತಿತ್ತು. ಶಾಲೆಯ ಗುಂಪಿನಲ್ಲಿ ಫೋಟೋದ ಕೆಳಗೆ ಪಾಲಕರು ಒಬ್ಬರಾದ ಮೇಲೊಬ್ಬರು ಕೈಮುಗಿಯುತ್ತಿದ್ದರು. ಗೋಡೆಯಾಚೆ ಪಕ್ಕದ ಮನೆಯ ಅಜ್ಜಿ ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಉಣ್ಣಿಸುತ್ತಿದ್ದರು. ಅವನು ಬಾಯಿ ತೆರೆಯಲೊಲ್ಲ, ಇಳಿಸಿದರೆ ಓಡುತ್ತಾನೆ, ಎತ್ತಿಕೊಂಡರೆ ಒದೆಯುತ್ತಾನೆ. ಅರ್ಧ ತಾಸಿನಿಂದ ಇದೇ ನಡೆದಿದೆ ಎಂದರು. ಸೊಂಟಕ್ಕೆ ಕೈಯಿಟ್ಟು ಒಮ್ಮೆ ಹಿಂದಕ್ಕೆ ಬಾಗಿ, ಅವನನ್ನು ಎಡಗಡೆಯಿಂದ ಬಲಗಡೆಗೆ ಬದಲಾಯಿಸಿಕೊಂಡು, ಇನ್ನೊಂದು ತುತ್ತು ಕಲಸುತ್ತ ಹೇಳಿದರು:

"ಫೋಟೋ ನೋಡಿದ್ನಿರಿ. ಚಲೋ ಮಾಡಿದ್ರ ಬಿಡ್ರಿ ನಿಮ್ಮವರು. ಸಣ್ಣ ಹುಡುಗೂರ ಕೂಡ ಆಡಕೋತ ಕುಂದರೂದು, ಅದೇನ ಕೆಲಸಾರಿ?"